ಕರೆಂಟ್ ಹೋದರೆ ಸಿಗ್ನಲ್ಲೂ ಹೋಗಬೇಕೇ?

ಮಾನ್ಯರೇ,

ಮಲೆನಾಡಿನಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದ ಕೆಲವೇ ಗಂಟೆಗಳಲ್ಲಿ ಮೊಬೈಲ್ ಸಿಗ್ನಲ್ಲೂ ಮಾಯ. ದೂರು ಕೊಟ್ಟರೆ ಸಿಗುವ ಭರವಸೆ ಒಂದೇ: ಇನ್ನೊಂದು ಟವರ್. ಅದೂ ಅದೇ ಫೀಡರ್ (ವಿದ್ಯುತ್ ಮಾರ್ಗ), ಅದೇ ಓಎಫ್‌ಸಿ (ಆಪ್ಟಿಕಲ್ ಫೈಬರ್) ಕೇಬಲ್ ನೆಚ್ಚಿಕೊಂಡಿದ್ದರೆ ಎರಡೂ ಒಟ್ಟಿಗೇ ಮಲಗುತ್ತವೆ.

ಟವರಿನ ಉಪಕರಣ ನಡೆಯುವುದು 48 ವೋಲ್ಟ್ ಡಿಸಿಯಲ್ಲಿ. ಲೋಡ್ 2 ಕಿಲೋವಾಟ್ ಎಂದರೆ ಸುಮಾರು 40 ಆಂಪಿಯರ್. 600 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಶೇ 80ರಷ್ಟು ಬಳಸಿದರೆ 12 ಗಂಟೆ, ಅದೂ ಹೊಸದಾಗಿದ್ದಾಗ. ಸಾಮರ್ಥ್ಯ ಅರ್ಧಕ್ಕಿಳಿದ ಬ್ಯಾಟರಿಯಾದರೆ ರಾತ್ರಿ ಹತ್ತಕ್ಕೆ ಕರೆಂಟ್ ಹೋದರೆ ಬೆಳಗಿನ ಜಾವ ನಾಲ್ಕಕ್ಕೆ ಟವರ್ ಬಂದ್. ಇದಕ್ಕಿಂತ ದೊಡ್ಡ ಹುಳುಕು ಮರುಚಾರ್ಜಿಂಗ್‌ನಲ್ಲಿದೆ. ಲೈನಿನ ಎಸಿ ಕರೆಂಟನ್ನು ಡಿಸಿ ಮಾಡಿಕೊಡುವ, ತಲಾ 50 ಆಂಪಿಯರ್‌ನ ಎರಡು ರೆಕ್ಟಿಫೈಯರ್ ಮಾಡ್ಯೂಲ್‌ಗಳಲ್ಲಿ ಒಂದು ಕೆಟ್ಟಿತೆನ್ನಿ. ಲೋಡಿಗೆ 40 ಹೋಗಿ ಚಾರ್ಜಿಂಗ್‌ಗೆ ಉಳಿಯುವುದು ಬರೀ 10. ಖಾಲಿಯಾದ ಬ್ಯಾಟರಿ ತುಂಬಲು ಎರಡು ದಿನ ಬೇಕು. ಅಷ್ಟರಲ್ಲಿ ಮತ್ತೆ ಕರೆಂಟ್ ಹೋಗುತ್ತದೆ. ಅರೆಬರೆ ಚಾರ್ಜಿನಲ್ಲೇ ಇರುವ ಸೀಸದ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಬ್ಯಾಟರಿಯೇ ಹಾಳಾಗುತ್ತದೆ. ಮೂರನೇ ಮಾಡ್ಯೂಲ್ ಹಾಕುವ ಖರ್ಚು ಬ್ಯಾಟರಿ ಬದಲಿಸುವುದಕ್ಕಿಂತ ಎಷ್ಟೋ ಅಗ್ಗ.

ಒಂದು ದಾರಿ ತುಂಡಾದರೆ ಇನ್ನೊಂದರಿಂದ ಸಂಪರ್ಕ ಸಿಗಲೆಂದು ಹಾಕುವ ಕೇಬಲ್ ‘ರಿಂಗ್’ ಕಥೆಯೂ ಇಂಥದ್ದೇ. ತಲಾ ಶೇ 99ರಷ್ಟು ಹೊತ್ತು ಕೆಲಸ ಮಾಡುವ ಎರಡು ದಾರಿಗಳು ನಿಜಕ್ಕೂ ಬೇರೆ ಬೇರೆಯಾಗಿದ್ದರೆ ವರ್ಷಕ್ಕೆ ಮೂರೂವರೆ ದಿನಕ್ಕೂ ಹೆಚ್ಚಿನ ಅಡಚಣೆ 53 ನಿಮಿಷಕ್ಕೆ ಇಳಿಯುತ್ತದೆ. ಎರಡನ್ನೂ ಒಂದೇ ರಸ್ತೆಯ ಅಂಚಿನಲ್ಲಿ ಹೂತಿದ್ದರೆ ಒಂದು ಜೆಸಿಬಿ ಸಾಕು. ಬದಲಿಗೆ ಟವರಿನಿಂದ ಟವರಿಗೆ ಕೇಬಲ್ಲಿಲ್ಲದ ಮೈಕ್ರೋವೇವ್ ಲಿಂಕ್ ಹಾಕಬಹುದು. ಆದರೆ 15 ಗಿಗಾಹರ್ಟ್ಸ್ ಹಾಗೂ ಅದಕ್ಕೂ ಮೇಲಿನ ತರಂಗಗಳನ್ನು ಆಗುಂಬೆಯಂಥ ಮಳೆ ನುಂಗಿಬಿಡುತ್ತದೆ. ದೂರದ ಲಿಂಕಿಗೆ 7 ಗಿಗಾಹರ್ಟ್ಸ್ ವಾಸಿ.

ಹತ್ತಾರು ಟವರ್‌ಗಳಿಗೆ ಸಂಪರ್ಕ ಹಂಚುವ ಹಬ್ ಟವರ್ ನಿಂತರೆ ಉಳಿದವಕ್ಕೆ ಕರೆಂಟ್ ಇದ್ದೂ ಪ್ರಯೋಜನವಿಲ್ಲ. ಜನರೇಟರ್, ಡೀಸೆಲ್ ಮೊದಲು ಅಲ್ಲಿಗೆ ಹೋಗಬೇಕು. ಬ್ಯಾಟರಿ ಇಳಿಯತೊಡಗಿದಾಗ ಹೆಚ್ಚುವರಿ ಡೇಟಾ ಬ್ಯಾಂಡ್‌ಗಳನ್ನು ಮೊದಲು ಕಡಿದು, 900 ಮೆಗಾಹರ್ಟ್ಸ್‌ನ ಕರೆ ಸೇವೆಯನ್ನೂ ಹಬ್ ಲಿಂಕನ್ನೂ ಕೊನೆಯವರೆಗೆ ಉಳಿಸುವಂತೆ ಸೆಟ್ಟಿಂಗ್ ಮಾಡಬಹುದು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2024ರ ಗುಣಮಟ್ಟದ ನಿಯಮಗಳು ಸೇವೆ 24 ಗಂಟೆ ಮೀರಿ ಸ್ಥಗಿತವಾದರೆ ಗ್ರಾಹಕರಿಗೆ ಪರಿಹಾರ ಕೊಡಬೇಕೆನ್ನುತ್ತವೆ. ಆದರೆ ಅಳತೆಯ ಘಟಕ ಜಿಲ್ಲೆ. ನಾಲ್ಕು ಹಳ್ಳಿ ಮೂರು ದಿನ ಸಿಗ್ನಲ್ ಇಲ್ಲದೆ ಕುಳಿತರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಹಬ್ ಟವರ್‌ವಾರು ಲೆಕ್ಕ ಕೇಳಬೇಕು. ಜೊತೆಗೆ ಪ್ರತಿ ಮೇ ತಿಂಗಳಲ್ಲಿ ಮೇನ್ ಸ್ವಿಚ್ ಆಫ್ ಮಾಡಿ, ಟವರ್ ಬ್ಯಾಟರಿಯ ಮೇಲೆ ಎಷ್ಟು ಗಂಟೆ ನಿಂತಿತೆಂಬ ಪರೀಕ್ಷಾ ವರದಿಯನ್ನು ಜಿಲ್ಲಾಡಳಿತ ಕಂಪನಿಗಳಿಂದ ತರಿಸಿಕೊಳ್ಳಲಿ.

– ದೂರಸಂಪರ್ಕ ಎಂಜಿನಿಯರ್, ತೀರ್ಥಹಳ್ಳಿ