ಸಂದರ್ಶನ ಆದ ಮೇಲೆ ಸುದ್ದಿಯೇ ಇಲ್ಲ

ಮಾನ್ಯ ಸಂಪಾದಕರೇ,

ಸಂದರ್ಶನಕ್ಕೆ ಕರೆಯುವಾಗ ಕಂಪನಿಗಳಿಗೆ ಎಲ್ಲಿಲ್ಲದ ಅವಸರ. ಮುಗಿದ ಮೇಲೆ ಫೋನೂ ಇಲ್ಲ, ಇ-ಮೇಲೂ ಇಲ್ಲ. ಮೊದಲ ಆಯ್ಕೆಯವರು ಕೈಕೊಟ್ಟರೆ ಬೇಕಾಗಬಹುದು ಅಂತ ಉಳಿದವರನ್ನು ಸುಮ್ನೆ ಕಾಯಿಸುವುದುಂಟು. ಆ ಲೆಕ್ಕಾಚಾರ ಅರ್ಥವಾಗುತ್ತದೆ. ಆದರೆ ಹುದ್ದೆ ಭರ್ತಿಯಾದ ಮೇಲಾದರೂ ಹೇಳಬಹುದಲ್ವಾ? ಕಾಯುತ್ತಿರುವವರು ಬೇರೆ ಕಡೆ ಸಿಕ್ಕ ಕೆಲಸಕ್ಕೆ ಹೂಂ ಅನ್ನಲಾರದೆ ಒದ್ದಾಡುತ್ತಾರೆ. ನೇಮಕಾತಿ ಸಾಫ್ಟ್‌ವೇರ್‌ಗಳಲ್ಲಿ ಎಲ್ಲರಿಗೂ ಒಂದೇ ಸಲ ಉತ್ತರ ಕಳಿಸುವ ಸೌಲಭ್ಯವಿರುತ್ತದೆ. ಹಾಗಾಗಿ ಪುರುಸೊತ್ತಿಲ್ಲ ಎನ್ನುವ ಮಾತನ್ನು ನಾನಂತೂ ನಂಬುವುದಿಲ್ಲ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಇದಕ್ಕೊಂದು ಕಾನೂನೇ ಇದೆ. 25 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಸಂಸ್ಥೆಗಳು ಜಾಹೀರಾತು ಕೊಟ್ಟ ಹುದ್ದೆಗೆ ಸಂದರ್ಶನ ಮಾಡಿದರೆ, ತೀರ್ಮಾನ ಆಯಿತೋ ಇಲ್ಲವೋ ಎಂದು 45 ದಿನದೊಳಗೆ ತಿಳಿಸಬೇಕು. ಬೇರೆ ಸರ್ಕಾರಗಳೂ ಇದನ್ನು ನೋಡಲಿ.

– ಒಬ್ಬ ಉದ್ಯೋಗಾಕಾಂಕ್ಷಿ