ಜೈಲಿನ ಲಾಬಿಯಲ್ಲಿ ಸಿಕ್ಕ ಆ ತಾಯಿಗೆ

ತಮ್ಮನನ್ನು ಬಂಧಿಸಿ ಕ್ಯಾಲಿಫೋರ್ನಿಯಾದ ಕೌಂಟಿ ಜೈಲಿಗೆ ಒಯ್ದಿದ್ದಾರೆಂದು ತಿಳಿದು ನಡುರಾತ್ರಿ ಅಲ್ಲಿಗೆ ಧಾವಿಸಿದ ನನಗೆ, ಬೆರಳಚ್ಚು, ಭಾವಚಿತ್ರ, ಮೈಮೇಲಿನ ವಸ್ತುಗಳ ಪಟ್ಟಿ ಎಲ್ಲವೂ ಮುಗಿದು ಬುಕಿಂಗ್ ಸಂಖ್ಯೆ (ಬಂಧಿತರಿಗೆ ಜೈಲು ಕೊಡುವ ದಾಖಲೆ ಸಂಖ್ಯೆ) ಸಿಗುವವರೆಗೆ ಗಂಟೆಗಟ್ಟಲೆ ಕಾಯಬೇಕಾಗಬಹುದು ಎಂಬುದೂ ಗೊತ್ತಿರಲಿಲ್ಲ. ಮಗನಿಗಾಗಿ ಕಾದು ಕುಳಿತಿದ್ದ ನೀವು, ನನ್ನ ಕೈ ನಡುಗುವುದನ್ನು ಕಂಡು ಪಕ್ಕದಲ್ಲಿ ಕೂರಿಸಿಕೊಂಡು, ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಬಗ್ಗಿಸಿ ಕೊಟ್ಟಿರಿ.

ಅಂಗಡಿಯ ರಸೀದಿಯೊಂದರ ಹಿಂಬದಿಯಲ್ಲಿ ನೀವು ಬರೆದುಕೊಟ್ಟ ನಾಲ್ಕು ಸಾಲುಗಳು ಇಂದಿಗೂ ನನ್ನ ಬಳಿ ಇವೆ. ತಮ್ಮ ಫೋನ್ ಮಾಡಿದರೆ ನಡೆದದ್ದೇನೆಂದು ಕೇಳಬಾರದು, ಏಕೆಂದರೆ ಜೈಲಿನ ಕರೆಗಳು ರೆಕಾರ್ಡ್ ಆಗುತ್ತವೆ. ಜಾಮೀನಿಗೆ ಹೊಣೆ ನಿಲ್ಲುವ ಬೇಲ್ ಬಾಂಡ್ ಏಜೆಂಟರಿಗೆ ಕಟ್ಟುವ, ಜಾಮೀನು ಮೊತ್ತದ ಸುಮಾರು ಶೇ. 10ರಷ್ಟು ಹಣ ಮರಳಿ ಬಾರದು. ಭಾನುವಾರ ಮತ್ತು ರಜಾದಿನಗಳನ್ನು ಬಿಟ್ಟು 48 ಗಂಟೆಗಳೊಳಗೆ ಬಂಧಿತನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ವಕೀಲರನ್ನಿಡಲು ಹಣದ ಶಕ್ತಿಯಿಲ್ಲದಿದ್ದರೆ ಪಬ್ಲಿಕ್ ಡಿಫೆಂಡರ್, ಅಂದರೆ ಸರ್ಕಾರ ಒದಗಿಸುವ ವಕೀಲರನ್ನು ಕೇಳಬೇಕು. ನನ್ನ ತಮ್ಮ ವೀಸಾದ ಮೇಲಿದ್ದಾನೆಂದು ನಾನು ಹೇಳಿದಾಗ, ವಲಸೆಯ ಪರಿಣಾಮ ತಿಳಿಯದೆ ತಪ್ಪೊಪ್ಪಿಕೊಳ್ಳಬಾರದೆಂದು ಎರಡೆರಡು ಬಾರಿ ಹೇಳಿದಿರಿ. ಆ ಬಗ್ಗೆ ಎಚ್ಚರಿಸುವುದು ವಕೀಲರ ಕರ್ತವ್ಯವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆಯೆಂದು ನನಗೆ ತಿಳಿದದ್ದು ಆಮೇಲೆ.

ಊರಿನಲ್ಲಿರುವ ಅಮ್ಮನಿಗೆ ಏನು ಹೇಳಲೆಂದು ಅತ್ತಾಗ, "ಬದುಕಿದ್ದಾನೆ, ಎಲ್ಲಿದ್ದಾನೆಂದು ಗೊತ್ತಾಗಿದೆ, ಮೊದಲು ಅಷ್ಟು ಹೇಳಮ್ಮ" ಎಂಬರ್ಥದ ಮಾತನ್ನಾಡಿದಿರಿ. ನಾನು ಅಮ್ಮನಿಗೆ ಹೇಳಿದ್ದೂ ಅಷ್ಟೇ.

ತಮ್ಮ ಈಗ ಮನೆಯಲ್ಲಿದ್ದಾನೆ. ಗಾಬರಿಯಲ್ಲಿ ನಿಮ್ಮ ಹೆಸರನ್ನೂ ಕೇಳದೆ ಬಂದ ನನ್ನನ್ನು ಕ್ಷಮಿಸಿ. ನಿಮ್ಮ ಮಗನೂ ಮನೆ ಸೇರಿರಲಿ ಎಂದು ಪ್ರತಿದಿನ ದೀಪ ಹಚ್ಚುವಾಗ ಬೇಡಿಕೊಳ್ಳುತ್ತೇನೆ.