ನನ್ನ ಸೀಲಿನಲ್ಲಿದ್ದ ತಪ್ಪು

ಪ್ರಿಯ ಪೋಷಕರೇ,

ನಮಸ್ಕಾರ. ಹೋದ ವಾರ ನಮ್ಮ ನಾಲ್ಕನೇ ತರಗತಿಯ ಬೋರ್ಡಿನ ಫೋಟೊ ಒಂದು ಊರೆಲ್ಲ ಓಡಾಡಿತು. ನಿಮ್ಮಲ್ಲಿ ತುಂಬ ಜನ ನೋಡಿರುತ್ತೀರಿ. ಟೀಚರ್ ‘ಏಕದಳ ದಾನ್ಯಗಳು’ ಎಂದು ಬರೆದಿದ್ದರು. ‘ಧಾನ್ಯ’ ಆಗಬೇಕಿತ್ತು. ತಪ್ಪು ತಪ್ಪೇ, ಎರಡು ಮಾತಿಲ್ಲ. ಆದರೆ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋಗುವಾಗ ಮಾತುಗಳೂ ಸೇರಿಕೊಂಡವು. ‘ಇವರಿಗೆ ಸಂಬಳ ದಂಡ’, ‘ಇಂಥವರು ಮಕ್ಕಳಿಗೆ ಏನ್ ಕಲಿಸ್ತಾರೆ’. ಅವು ಟೀಚರ್ ಕಣ್ಣಿಗೂ ಬಿದ್ದವು.

ನಾನೇನು ಮಾಡಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸ್ಟಾಫ್ ರೂಮಿಗೆ ಹೋಗಿ ಎಲ್ಲರ ಎದುರೇ ಟೀಚರಿಗೆ ಬೈದೆ. ‘ಮಕ್ಕಳಿಗೆ ಬರೋ ಮಹಾಪ್ರಾಣ ನಿಮಗೆ ಬರಲ್ವಾ ಮೇಡಂ?’ ಎಂದೆ. ಆಮೇಲೆ ನನ್ನ ಕೋಣೆಗೆ ಬಂದು ನಿಮಗೊಂದು ಪತ್ರ ಬರೆಯಲು ಕೂತೆ. ಎರಡು ಪುಟ. ನಿಮ್ಮ ಆ ಮೆಸೇಜುಗಳಲ್ಲಿದ್ದ ಕಾಗುಣಿತದ ತಪ್ಪುಗಳನ್ನೆಲ್ಲ ಹುಡುಕಿ ಎಣಿಸಿದ್ದೆ. ಹನ್ನೊಂದು ಸಿಕ್ಕಿದ್ದವು. ಒಬ್ಬರಂತೂ ‘ಶಿಕ್ಷಕರು’ ಎನ್ನುವುದನ್ನೇ ‘ಸಿಕ್ಷಕರು’ ಮಾಡಿದ್ದರು. ಸುಳ್ಳು ಯಾಕೆ ಹೇಳಲಿ, ಎಣಿಸುವಾಗ ಖುಷಿಯಾಗುತ್ತಿತ್ತು.

ಸಹಿ ಹಾಕಿ ಸೀಲು ಒತ್ತಿದೆ. ಅಷ್ಟರಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ವ್ಯಾಸಂಗ ಪ್ರಮಾಣಪತ್ರಕ್ಕೆ ಬಂದಳು. ಅವಳ ಹಾಳೆಗೂ ಒತ್ತಿ ಕೊಟ್ಟೆ. ಹೋಗದೆ ಅಲ್ಲೇ ನಿಂತಳು. ಏನಮ್ಮಾ ಎಂದೆ. ಸೀಲಿನ ಮೇಲೆ ಬೆರಳಿಟ್ಟು, ಮೆಲ್ಲಗೆ, ‘ಸರ್, ಇದು ಧ್ಯಾ ಅಲ್ವಾ? ಹೊಟ್ಟೆ ಸೀಳಿಲ್ಲ’ ಎಂದಳು.

ಕನ್ನಡಕ ಏರಿಸಿಕೊಂಡು ನೋಡಿದೆ. ‘ಮುಖ್ಯೋಪಾದ್ಯಾಯರು’. ನೇರಳೆ ಇಂಕಿನಲ್ಲಿ ಚೆನ್ನಾಗಿಯೇ ಮೂಡಿತ್ತು. ಟೀಚರ್ ಬಿಟ್ಟಿದ್ದ ಅದೇ ಧ. ಸೀಲು ಮಾಡಿದವನ ಮೇಲೆ ಹಾಕೋಣ ಎಂದು ಹಳೆಯ ಬಿಲ್ಲು ಹುಡುಕಿ ತೆಗೆದೆ. ಅದರ ಹಿಂದೆ ಅವನಿಗೆ ನಾನು ಬರೆದುಕೊಟ್ಟ ಚೀಟಿ ಪಿನ್ ಆಗಿತ್ತು. ಅಲ್ಲಿಯೂ ಹೊಟ್ಟೆ ಸೀಳಿರಲಿಲ್ಲ. ಕೈಬರಹ ನನ್ನದೇ. ಟೀಚರ್ ತಪ್ಪು ಬೋರ್ಡಿನ ಮೇಲೆ ಇದ್ದದ್ದು ಹತ್ತು ನಿಮಿಷ. ನನ್ನದು ಆರು ವರ್ಷದಿಂದ ನಿಮ್ಮ ಮಕ್ಕಳ ಟಿಸಿಗಳ ಮೇಲೆ, ಅಂಕಪಟ್ಟಿಗಳ ಮೇಲೆ ಕೂತಿದೆ.

‘ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸಿದ’ ಎಂಬ ಗಾದೆ ಇದೆಯಲ್ಲ, ಅದನ್ನು ಎಷ್ಟು ಸಲ ಪರೀಕ್ಷೆಯಲ್ಲಿ ಗಾದೆ ವಿಸ್ತರಣೆಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ.

ಅಚ್ಚಗನ್ನಡದ ಮಾತುಗಳಲ್ಲಿ ಮಹಾಪ್ರಾಣ ಇಲ್ಲವೆನ್ನುವಷ್ಟು ಕಡಿಮೆ. ಸಂಸ್ಕೃತದಿಂದ ಬಂದ ಪದಗಳ ಜೊತೆ ಅವೂ ಬಂದವು. ಮಾತಿನಲ್ಲಿ ನಾವು ಧ ಅನ್ನುವುದು ಕಡಿಮೆ, ಹಾಗಾಗಿ ಬರೆಯುವಾಗ ಕೈ ಮರೆಯುತ್ತದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡ ಬರಹಕ್ಕೆ ಮಹಾಪ್ರಾಣವೇ ಬೇಡ ಎಂದು ವಾದಿಸಿದ್ದರು. ಅವರ ಮಾತು ನಡೆದಿದ್ದರೆ ನನ್ನ ಸೀಲೂ ಸರಿ, ಟೀಚರ್ ಬೋರ್ಡೂ ಸರಿ! ಆದರೆ ಬೈಯುವ ಹೊತ್ತಿಗೆ ನನಗೆ ಇದ್ಯಾವುದೂ ನೆನಪಾಗಲಿಲ್ಲ. ಸೀಲು ನೋಡಿದ ಮೇಲೆ ಎಲ್ಲ ನೆನಪಾಯಿತು.

ಮರುದಿನ ಅದೇ ಸ್ಟಾಫ್ ರೂಮಿನಲ್ಲಿ, ಅಷ್ಟೇ ಜನರ ಎದುರು, ಟೀಚರ್ ಹತ್ತಿರ ತಪ್ಪಾಯಿತು ಎಂದೆ. ಆಗಷ್ಟೇ ವಿಷಯ ಗೊತ್ತಾಯಿತು. ಅವತ್ತು ಇನ್ನೊಬ್ಬ ಟೀಚರ್ ತರಬೇತಿಗೆ ಹೋಗಿದ್ದರಿಂದ ಇವರು ಎರಡು ತರಗತಿ ನೋಡಿಕೊಳ್ಳುತ್ತಿದ್ದರು. ಎರಡನೇ ಸಾಲಿನ ಹುಡುಗನೊಬ್ಬ ತಪ್ಪು ತೋರಿಸಿದ್ದಾನೆ. ಅವನನ್ನೇ ಕರೆದು, ಸೀಮೆಸುಣ್ಣ ಕೊಟ್ಟು ತಿದ್ದಿಸಿದ್ದಾರೆ. ಫೋಟೊ ನಿಮ್ಮ ಮೊಬೈಲಿಗೆ ಬರುವ ಹೊತ್ತಿಗೆ ಬೋರ್ಡಿನಲ್ಲಿ ‘ಧಾನ್ಯ’ ಇತ್ತು. ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು. ನಾನು ಕೇಳಲೇ ಇಲ್ಲ.

ಆ ಎರಡು ಪುಟದ ಪತ್ರ ಹರಿದು ಹಾಕಿದ್ದೇನೆ. ಹಾಗಂತ ಶಾಲೆಯ ತಪ್ಪು ಕಂಡರೆ ಸುಮ್ನೆ ಇರಿ ಎನ್ನುತ್ತಿಲ್ಲ. ಕೇಳುವುದು ನಿಮ್ಮ ಹಕ್ಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು ಎನ್ನುತ್ತದೆ. ನಮ್ಮ ಶಾಲೆಯ ಆ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿ, ನಿಮ್ಮವರೇ ಜಾಸ್ತಿ ಇದ್ದಾರೆ. ಅವರಿಗೆ ಹೇಳಿ, ಇಲ್ಲವೇ ನೇರ ನನ್ನ ಕೋಣೆಗೆ ಬನ್ನಿ. ಕೂತು ಮಾತಾಡೋಣ.

ನನಗೆ ಬೇಜಾರಾಗಿರುವುದು ಬೇರೊಂದಕ್ಕೆ. ಸೋಮವಾರ ಬಿಸಿಯೂಟದ ಸಾಲಿನಲ್ಲಿ ಇಬ್ಬರು ಮಕ್ಕಳು ಆ ಟೀಚರನ್ನು ‘ದಾನ್ಯ ಮಿಸ್’ ಎನ್ನುವುದು ಕೇಳಿಸಿತು. ಬೋರ್ಡು ತಿದ್ದಿದ ಹುಡುಗ ಆ ಹೆಸರು ಇಟ್ಟಿಲ್ಲ, ಅವನ ಗೆಳೆಯರೂ ಇಟ್ಟಿಲ್ಲ. ಅದು ಯಾರದೋ ಮನೆಯಿಂದ ಬಂದಿದೆ. ಯಾರ ಮನೆ ಎಂದು ಮಕ್ಕಳನ್ನು ಕೇಳಿಲ್ಲ, ಕೇಳುವುದೂ ಇಲ್ಲ.

ಈಗ ತರಗತಿಗಳಲ್ಲಿ ಉಕ್ತಲೇಖನ ಆದ ಮೇಲೆ ನೇರ ಪಕ್ಕದವರ ಪುಸ್ತಕವನ್ನೇ ತಿದ್ದುವುದನ್ನು ನಿಲ್ಲಿಸಿದ್ದೇವೆ. ಮೊದಲು ತಮ್ಮದೇ ತಿದ್ದಿಕೊಳ್ಳಬೇಕು, ಅದೂ ಕೊನೆಯ ಪದದಿಂದ ಹಿಂದಕ್ಕೆ. ಮುಂದಿನಿಂದ ಓದಿದರೆ ನಾವು ಬರೆದದ್ದು ಕಾಣುವುದಿಲ್ಲ, ಬರೆಯಬೇಕು ಅಂದುಕೊಂಡದ್ದೇ ಕಾಣುತ್ತದೆ. ಪಕ್ಕದವರ ಪುಸ್ತಕ ಆಮೇಲೆ. ಮೊದಲ ದಿನ ತಮ್ಮ ಪುಸ್ತಕಕ್ಕೆ ರೈಟ್ ಹಾಕಿಕೊಳ್ಳುವ ಮುಂಚೆ ಮಕ್ಕಳು ರಬ್ಬರ್ ಹುಡುಕಿದರು ಅನ್ನಿ. ನನಗೂ ಅದೇ ಬುದ್ಧಿ ಬಂದಿತ್ತು. ಆ ಚೀಟಿ ಬಿಸಾಕೋಣ ಅನ್ನಿಸಿತ್ತು.

ಬರುವ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಪೋಷಕರ ಸಭೆ. ಮೊದಲಿಗೆ ಇಪ್ಪತ್ತು ಪದಗಳ ಉಕ್ತಲೇಖನ. ನೀವೂ ಬರೆಯಬೇಕು, ಟೀಚರ್‌ಗಳೂ ಬರೆಯುತ್ತಾರೆ, ನಾನೂ ಬರೆಯುತ್ತೇನೆ. ಓದಿ ಹೇಳುವವಳು ಏಳನೇ ತರಗತಿಯ ಅದೇ ಹುಡುಗಿ. ಅವರವರ ಹಾಳೆ ಅವರವರೇ ತಿದ್ದುವುದು. ಪೆನ್ನು ತನ್ನಿ, ಪೆನ್ಸಿಲ್ ಬೇಡ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯ

(ಹೊಸ ಸೀಲು ಇನ್ನೂ ಬಂದಿಲ್ಲ. ಸದ್ಯಕ್ಕೆ ಬರೀ ಸಹಿ.)